ಮರಕ್ಕೆ ಜೀನು ಹಾಕಿದ ದೊಡ್ಡೀರ

ಹತ್ತಿರ ಬನ್ನಿ, ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಆದರೆ ಆ ಹುಡುಗನ್ನ ಹಂಗಿಸಬೇಡಿ. ಅವನು ಯಾರು ಹೇಳಿದ ಮಾತನ್ನೂ ಮೀರಿದವನಲ್ಲ. ಅದೇ ಅವನ ತೊಂದರೆ.

ಕಾಡಂಚಿನಲ್ಲಿ ಒಂದು ಬೇಟೆಗಾರರ ಹಟ್ಟಿ. ಅಲ್ಲಿ ಸಾಕವ್ವ ಅಂತ ಒಬ್ಬಳು. ಅವಳ ಗಂಡ ಜಿಂಕೆ ಕಾಯುತ್ತಾ ಮರದ ಮೇಲೆ ಕೂತಿದ್ದವನು ತೂಕಡಿಸಿ ಕೆಳಗೆ ಬಿದ್ದು ಸತ್ತಿದ್ದ. ಉಳಿದವನು ಒಬ್ಬನೇ ಮಗ, ದೊಡ್ಡೀರ. ಆಳು ನೋಡಿದರೆ ಆನೆ. ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲಿ. "ಬಾಗಿಲು ನೋಡ್ಕೊ" ಅಂದರೆ ನಾಯಿ ಹಿಟ್ಟು ತಿನ್ನುತ್ತಿದ್ದರೂ ಬಾಗಿಲನ್ನೇ ನೋಡುತ್ತಾ ಕೂರುವವನು.

ಆ ಹಟ್ಟೀಲಿ ಒಂದು ಕಟ್ಟು. ಬೇಟೆಯಾಡೋ ಗಂಡಸು ಇರೋ ಮನೆಗೆ ಮಾತ್ರ ಮಾಂಸದ ಪಾಲು. ಗಂಡ ಹೋದ ಮೇಲೆ ಸಾಕವ್ವನ ಮನೆ ಮುಂದೆ ಪಾಲಿನ ಬುಟ್ಟಿ ನಿಲ್ಲುತ್ತಿರಲಿಲ್ಲ. ಪಕ್ಕದ ಮನೆಗೆ ಹೋಗೋದು, ಇವಳ ಮನೆ ದಾಟೋದು, ಆಚೆ ಮನೆಗೆ ಹೋಗೋದು. ಅವಳಿಗೆ ಮಾಂಸದ ಆಸೆಗಿಂತ ಆ ದಾಟಿ ಹೋಗೋದೇ ಸಂಕಟ. ಒಂದು ದಿನ ಅಣ್ಣ ಜವರಯ್ಯನ ಹತ್ತಿರ ಹೋದಳು.

"ಅಣ್ಣ, ನನ್ನ ಮಗನಿಗೆ ಬೇಟೆ ಕಲಿಸು. ಮರದ ಮೇಲೆ ಕೂರೋಕೆ ಅಟ್ಟಣೆ ಕಟ್ಟಿಸೋ ಶಕ್ತಿ ನನಗಿಲ್ಲ. ಬರಿಗೈ ಮನೆ. ಅವನು ಬೀಳಬಾರದು, ಅಷ್ಟೇ."

ಜವರಯ್ಯ ಹಟ್ಟಿಗೆಲ್ಲ ದೊಡ್ಡ ಬೇಟೆಗಾರ. ಮೀಸೆ ತಿರುವಿದ.

"ಅಟ್ಟಣೆಗೆ ಬಿದಿರು ಬೇಕು, ಹಲಗೆ ಬೇಕು, ಆಳು ಬೇಕು. ಬಡವರಿಗೆ ಅದೆಲ್ಲ ಯಾಕೆ ತಂಗಿ? ಮರಕ್ಕೇ ಜೀನು ಹಾಕಿ ಕೂರಲಿ. ಲೋ ಅಳಿಯ, ಕೇಳಿಸ್ತೇನೋ? ಮರಕ್ಕೆ ಜೀನು ಹಾಕಿ ಕೂತ್ಕೊ!"

"ಹೂಂ ಮಾವ!" ಅಂದ ದೊಡ್ಡೀರ.

ಮಾರನೇ ದಿನ ಪಟೇಲರ ಕುದುರೆಯ ಜೀನು ಕಾಣೆ! ಹುಡುಕಿಕೊಂಡು ಹೋದರೆ ಕಾಡಲ್ಲಿ ಒಂದು ಬಗ್ಗಿದ ಹೊಂಗೆ ಮರ, ಮರದ ಮೇಲೆ ಜೀನು, ಜೀನಿನ ಮೇಲೆ ದೊಡ್ಡೀರ. ಕೈಲಿ ಕೋಲು. "ಹೈ! ಹೈ! ನಡಿಯೇ!" ಅಂತ ಮರಕ್ಕೆ ಬಾರಿಸುತ್ತಿದ್ದಾನೆ. ಆ ಗದ್ದಲಕ್ಕೆ ಜಿಂಕೆಗಳೆಲ್ಲ ಗುಡ್ಡದಾಚೆ!

"ಅಯ್ಯೋ ನನ್ನ ಕರ್ಮವೇ!" ಸಾಕವ್ವ ಹಣೆ ಬಡಿದುಕೊಂಡಳು.

"ಮಾವ ಹೇಳಿದ್ಹಂಗೇ ಮಾಡಿದೆ ಕಣವ್ವ. ಈ ಮರ ಸೋಮಾರಿ. ಹೆಜ್ಜೇನೇ ಇಡಲ್ಲ."

ಜವರಯ್ಯ ಬೈದ. "ಥೂ ಪೆದ್ದೇ! ಜೀನು ಅಂದ್ರೆ ಕುದುರೆ ಜೀನಲ್ಲ! ಮನೇಲಿರೋ ಹಳೇ ಗೋಣಿತಟ್ಟು ಮಡಿಸು, ಎರಡೂ ತುದಿಗೆ ಹಗ್ಗ ಹಾಕು, ಅದು ಜೀನು. ಅದನ್ನ ಕುಂಡಿ ಕೆಳಗೆ ಇಟ್ಕೊಂಡು, ಹಗ್ಗನ ಸೊಂಟಕ್ಕೂ ಮರಕ್ಕೂ ಸೇರಿಸಿ ಕಟ್ಕೊ. ಒಂದ್ಸಲ ಕಟ್ಟಿದ ಮೇಲೆ ಯಾರು ಕರೆದ್ರೂ ಬಿಚ್ಚಬೇಡ!"

"ಹೂಂ ಮಾವ!"

ಸಾಕವ್ವ ಗೋಣಿತಟ್ಟು ಹುಡುಕಿದಳು. ಬಾವಿ ಹಗ್ಗ ಹಳೆಯದಾಗಿತ್ತು, ಅದಕ್ಕೆ ಕತ್ತಾಳೆ ನಾರು ಸೇರಿಸಿ ಮತ್ತೆ ಹೊಸೆದಳು. ಹೊಸೆಯುತ್ತಾ ಹೊಸೆಯುತ್ತಾ ಒಂದೊಂದು ಗೇಣಿಗೂ ನಿಲ್ಲಿಸಿ ಎಳೆದು ನೋಡಿದಳು. ಗೋಡೆ ಗೂಟಕ್ಕೆ ಸಿಕ್ಕಿಸಿ ತಾನೇ ಜೋತು ನೋಡಿದಳು. ಗೂಟ ಕಿತ್ತು ಬಂತು, ಹಗ್ಗ ಹರಿಯಲಿಲ್ಲ. ಆಗ ಮಗನ ಕೈಗೆ ಕೊಟ್ಟಳು.

ದೊಡ್ಡೀರ ಹೋದ. ಹೊತ್ತು ಮುಳುಗುತ್ತಾ ಬಂದರೂ ಮಗ ಬರಲಿಲ್ಲ. ಸಾಕವ್ವ ಕಾಡಿನ ಕಡೆ ಓಡಿದಳು. ನೋಡಿದರೆ ಮತ್ತಿ ಮರದ ಬುಡದಲ್ಲಿ, ನೆಲದ ಮೇಲೇ, ಮರಕ್ಕೆ ಬಿಗಿದುಕೊಂಡು ಕೂತಿದ್ದಾನೆ! ಆಡೊಂದು ಅವನ ಬುತ್ತಿ ತಿಂದು ಮುಗಿಸಿ, ಬುತ್ತಿ ಕಟ್ಟಿದ ಬಟ್ಟೆ ಅಗಿಯುತ್ತಿದೆ.

"ಆಡು ಓಡಿಸಬಾರದೇನೋ!"

"ಬಿಚ್ಚಬೇಡ ಅಂದ್ರಲ್ಲವ್ವ."

"ಮನೆಗಾದ್ರೂ ಬರಬಾರದೇನೋ!"

"ಬಿಚ್ಚಬೇಡ ಅಂದ್ರಲ್ಲವ್ವ!"

ಬೈಯೋಕೆ ಬಾಯಿ ತೆರೆದವಳಿಗೆ ಒಂದು ಮಾತು ಹೊಳೆಯಿತು. ನೆಲದ ಮೇಲೆ ಕೂತವನು ಬೀಳೋದಾದರೂ ಎಲ್ಲಿಗೆ? ಅದೊಂದು ಸಮಾಧಾನ. ಮಗನ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಳು. ಆಮೇಲೆ ತಾನೇ ಗಂಟು ಬಿಚ್ಚಿ ಕರೆದುಕೊಂಡು ಬಂದಳು.

ಜವರಯ್ಯನಿಗೆ ಮತ್ತೆ ಸಿಟ್ಟು. "ಮೇಲೆ ಹತ್ತೋ ಕೋಣ! ನೀನು ಒಂದು ಮೊಳ ಹತ್ತಿದ್ರೆ ಹಗ್ಗನೂ ಒಂದು ಮೊಳ ಹತ್ಸು. ಇಳಿಯುವಾಗಲೂ ಹಂಗೇ ಜಾರಿಸ್ಕೊಂಡು ಇಳಿ. ಕಾಲು ನೆಲ ಮುಟ್ಟಿದ ಮೇಲೆ ಬಿಚ್ಚು. ಮೇಲೆ ಕೂತಾಗ ಗಾಳಿ ನೋಡ್ಕೊ! ನಿನ್ನ ವಾಸನೆ ಜಿಂಕೆಗೆ ಹೋಗಬಾರದು. ಗಾಳಿ ನೋಡೋದು ಮರೀಬೇಡ!"

"ಹೂಂ ಮಾವ!"

ಈ ಸಲ ಹತ್ತಿದ. ಎತ್ತರಕ್ಕೇ ಹತ್ತಿದ. ಗೋಣಿತಟ್ಟಿನಲ್ಲಿ ಕೂತು, ಕಾಲನ್ನ ಮರಕ್ಕೆ ಒತ್ತಿ, ಹಗ್ಗಕ್ಕೆ ಬೆನ್ನು ಕೊಟ್ಟ. ತೊಟ್ಟಿಲ ಹಾಗೆ ಹಿಡಿಯಿತು. ಕತ್ತು ಮೇಲೆತ್ತಿ ಗಾಳಿ ನೋಡತೊಡಗಿದ. ನೋಡಿದ, ನೋಡಿದ, ಕಣ್ಣಲ್ಲಿ ನೀರು ಬರೋವರೆಗೂ ನೋಡಿದ. ಕೆಳಗೆ ಜಿಂಕೆ ಹಿಂಡು ಬಂತು, ಮೇಯಿತು, ಹೋಯಿತು.

"ಗಾಳಿ ಕಾಣಲೇ ಇಲ್ಲ ಮಾವ. ಜಿಂಕೆ ಬೇರೆ ಸದ್ದು ಮಾಡ್ತಿದ್ವು. ಆದ್ರೂ ನಾನು ಆ ಕಡೆ ತಿರುಗಲಿಲ್ಲ!"

"ತಿರುಗಬೇಕಿತ್ತು ಕಣೋ! ಜಿಂಕೆ ಬಂದ ತಕ್ಷಣ ಬಾಣ ಬಿಡಬೇಕು! ತಿಳೀತಾ? ಬಾಣ ಬಿಡು!"

"ಹೂಂ ಮಾವ!"

ಮತ್ತೆ ಹತ್ತಿದ, ಕೂತ, ಕಾದ. ಜಿಂಕೆ ಬಂತು. ಕೊಂಬಿನ ಗಂಡು ಜಿಂಕೆ, ನೇರ ಕೆಳಗೇ ನಿಂತಿತು. ದೊಡ್ಡೀರ ಬತ್ತಳಿಕೆಯಿಂದ ಒಂದು ಬಾಣ ತೆಗೆದ. ಕೈ ಚಾಚಿದ. ಬೆರಳು ಬಿಡಿಸಿದ. ಬಾಣ ಟಪ್ಪಂತ ಬಿತ್ತು. ಇನ್ನೊಂದು ಬಿಟ್ಟ, ಟಪ್. ಮತ್ತೊಂದು, ಟಪ್. ಜಿಂಕೆ ಒಂದು ಬಾಣ ಮೂಸಿ ನೋಡಿ, ಮರದ ಮೇಲೆ ಕೂತವನನ್ನೂ ಒಮ್ಮೆ ನೋಡಿ, ಮೆಲ್ಲಗೆ ಹೊರಟುಹೋಯಿತು.

ಸಂಜೆ ಆ ಕತೆ ಕೇಳಿ ಹಟ್ಟಿ ಹಟ್ಟಿಯೇ ನಕ್ಕಿತು. ಅದೇ ಹೊತ್ತಿಗೆ ಪಾಲಿನ ಬುಟ್ಟಿಯೂ ಬಂತು. ಸಾಕವ್ವನ ಮನೆ ದಾಟಿ ಹೋಯಿತು. ಬಾಗಿಲಲ್ಲಿ ನಿಂತಿದ್ದ ಸಾಕವ್ವ ಒಳಗೆ ಬಂದು ಗೋಡೆಗೆ ಒರಗಿದಳು.

"ಅವ್ವ, ಯಾಕೆ ಅಳ್ತೀಯ? ನಾನು ಎಲ್ಲಾ ಬಿಟ್ಟೆನಲ್ಲ? ಒಂದೂ ಉಳಿಸಲಿಲ್ಲ."

ಅವನ ಮುಖ ನೋಡಿದಳು. ಅದರಲ್ಲಿ ತುಂಟತನ ಇಲ್ಲ, ಸೋಮಾರಿತನ ಇಲ್ಲ. ಅವ್ವನ ಮೆಚ್ಚಿಸಬೇಕು ಅನ್ನೋದೊಂದೇ ಇದೆ. ತಾನು ಹಗ್ಗ ಹೊಸೆದ ಹಾಗೆ ಇವನೂ ತನ್ನ ಕೈಲಾದದ್ದನ್ನ ಮಾಡುತ್ತಿದ್ದಾನೆ ಅನ್ನಿಸಿತು. ಆದರೂ ಸೋತ ಜೀವ, ಕೂಗಿಯೇ ಹೇಳಿದಳು:

"ಬಿಟ್ಟಿದ್ದು ಸಾಕು ಮಗನೇ! ನಾಳೆ ಏನೂ ಬಿಡಬೇಡ! ಕೈಗೆ ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡ್ಕೊ. ಮನೆಗೆ ತರೋವರೆಗೂ ಬಿಡಬೇಡ!"

"ಹೂಂ ಅವ್ವ!"

ಮಾರನೇ ದಿನ ಜವರಯ್ಯ, "ಇವನಿಗೆ ಹೇಳಿ ಸುಖವಿಲ್ಲ, ನಾನೇ ಮಾಡಿ ತೋರಿಸ್ತೀನಿ" ಅಂತ ಜೊತೆಗೇ ಹೊರಟ. ಇಬ್ಬರೂ ಅದೇ ಮತ್ತಿ ಮರ ಹತ್ತಿದರು. ದೊಡ್ಡೀರ ಮೊಳ ಮೊಳಕ್ಕೂ ಹಗ್ಗ ಹತ್ತಿಸುತ್ತಾ ನಿಧಾನಕ್ಕೆ ಹತ್ತಿ ಜೀನಿನಲ್ಲಿ ಕೂತ. ಜವರಯ್ಯ ಅಳಿಲಿನ ಹಾಗೆ ಸರಸರ ಹತ್ತಿ ಅವನ ತಲೆ ಮೇಲಿನ ಕೊಂಬೆಗೆ ಹೋದ.

"ಮಾವ, ನಿನಗೆ ಹಗ್ಗ?"

"ನನಗ್ಯಾಕೋ? ಹಗ್ಗ ನಿನ್ನಂಥವರಿಗೆ! ಸುಮ್ಮನಿರು, ಅಗೋ ಜಿಂಕೆ!"

ಬಿಲ್ಲು ಎಳೆದ. ಇನ್ನೂ ಎಳೆದ. ಕಾಲು ಒತ್ತಿದ. ಕೊಂಬೆ ಲಟಕ್ ಅಂತು!

ಬಿಲ್ಲು ಒಂದು ಕಡೆ, ಬಾಣ ಒಂದು ಕಡೆ, ಜವರಯ್ಯ ನೇರ ಕೆಳಕ್ಕೆ. ದೊಡ್ಡೀರನ ಮುಂದೆ ಹಾದುಹೋಗುವಾಗ ಏನೋ ಕೈಗೆ ಸಿಕ್ಕಿತು. ಸಿಕ್ಕಿದ್ದನ್ನ ಗಬಕ್ಕನೆ ಹಿಡಿದ. ಜವರಯ್ಯನ ಜುಟ್ಟು! ಇನ್ನೊಂದು ಕೈಯಲ್ಲಿ ಸೊಂಟದ ಪಟ್ಟಿ ಹಿಡಿದ. ಕತ್ತಾಳೆ ಹಗ್ಗ ಕಿರ್ರೆಂದಿತು. ತಡೆಯಿತು.

"ಬಿಡಬೇಡ ಅಳಿಯ! ಬಿಡಬೇಡಪ್ಪಾ!"

"ಬಿಡಲ್ಲ ಮಾವ. ಅವ್ವನೂ ಹಂಗೇ ಅಂದಿದ್ದಾಳೆ."

ಜವರಯ್ಯ ಹಂಗೂ ಹಿಂಗೂ ಮರ ತಬ್ಬಿಕೊಂಡ. ಸೊಂಟದ ಪಟ್ಟಿ ಬಿಟ್ಟ ಕೈಯಲ್ಲಿ ದೊಡ್ಡೀರ ಹಗ್ಗ ಜಾರಿಸಿದ, ಇನ್ನೊಂದು ಕೈ ಜುಟ್ಟಿನಲ್ಲೇ ಇತ್ತು. ಮೊಳ ಮೊಳವೇ ಇಬ್ಬರೂ ಇಳಿದರು. ಕಾಲು ನೆಲ ಮುಟ್ಟಿತು. ದೊಡ್ಡೀರ ಒಂದೇ ಕೈಲಿ ಹಗ್ಗ ಬಿಚ್ಚಿದ.

ಜವರಯ್ಯ ಮುರಿದು ಬಿದ್ದ ಕೊಂಬೆ ನೋಡಿದ. "ನೀನಿಲ್ಲದಿದ್ರೆ ಇವತ್ತು..." ಅಂದ. "ಇನ್ಮೇಲೆ ನಾನೂ ಹಗ್ಗ ಕಟ್ತೀನಿ ಕಣೋ. ಹಟ್ಟೀಲಿ ಹತ್ತೋರೆಲ್ಲ ಕಟ್ಟಲಿ. ಈಗ ಜುಟ್ಟು ಬಿಡು."

"ಮನೆಗೆ ಹೋಗೋವರೆಗೂ ಬಿಡಬಾರದು ಮಾವ."

"ನೋಯ್ತದೆ ಕಣೋ!"

"ನನ್ನ ಕೈನೂ ನೋಯ್ತದೆ ಮಾವ. ನಡಿ."

ಹಟ್ಟಿಯ ಬೀದಿಯಲ್ಲಿ ದೊಡ್ಡ ಬೇಟೆಗಾರ ಬಗ್ಗಿಕೊಂಡು ನಡೆದ, ಜುಟ್ಟು ಹಿಡಿದ ಅಳಿಯ ಪಕ್ಕದಲ್ಲಿ. ನಗೋಕೆ ಹೊರಗೆ ಬಂದವರಿಗೆಲ್ಲ ಜವರಯ್ಯ ಬಗ್ಗಿದಲ್ಲಿಂದಲೇ ಗದರಿದ: "ನಗಬೇಡ್ರೋ! ನನ್ನ ತಂಗಿ ಮನೇಲೂ ಗಂಡಸಿದ್ದಾನೆ. ಇವತ್ತಿಂದ ಬುಟ್ಟಿ ಅಲ್ಲೂ ನಿಲ್ಲಬೇಕು!"

"ಅವ್ವಾ! ಸಿಕ್ತು! ಬಿಡಲಿಲ್ಲ!"

ಸಾಕವ್ವ ಹೊರಗೆ ಬಂದಳು. ಅಣ್ಣನ ತರಚಿದ ಎದೆ ನೋಡಿದಳು, ಮಗನ ಕೈಯಲ್ಲಿ ಎದ್ದಿದ್ದ ಹಗ್ಗದ ಬರೆ ನೋಡಿದಳು. ಏನಾಯಿತು ಅಂತ ಯಾರೂ ಹೇಳಬೇಕಾಗಲಿಲ್ಲ. ಮಗನ ತಲೆ ಮೇಲೆ ಕೈ ಇಟ್ಟಳು. ಸೆರಗಲ್ಲಿ ಕಣ್ಣೊರೆಸಿಕೊಂಡು ಇಷ್ಟೇ ಅಂದಳು:

"ಮುದ್ದೆ ಮಾಡಿದ್ದೀನಿ. ಕೈಲಿರೋದು ಬಿಟ್ಟು, ಕೈ ತೊಳ್ಕೊಂಡು ಬಾ ಮಗ."

ಆದರೆ ದೊಡ್ಡೀರನಿಗೆ ಹಸಿವು. ಮುದ್ದೆ ಅಂದದ್ದು ಕೇಳಿಸಿತು, ಕೈ ತೊಳಿ ಅಂದದ್ದು ಕೇಳಿಸಿತು. ನಡುವಿನದು ಕೇಳಿಸಲಿಲ್ಲ. ನೀರಿನ ಹಂಡೆಯ ಹತ್ತಿರ ಹೋದವನೇ ಕೈಯನ್ನ ಮೊಣಕೈವರೆಗೂ ಮುಳುಗಿಸಿದ, ಕೈಲಿದ್ದ ಜುಟ್ಟಿನ ಸಮೇತ, ಜುಟ್ಟಿಗಂಟಿದ ಮಾವನ ಸಮೇತ!