ಸಾಕು ಎನ್ನದ ರಾಜ

ಕೇಳಿ ಮಕ್ಕಳೇ. ಕಣಗಾಲ ಅಂತ ಒಂದು ರಾಜ್ಯ. ಅಲ್ಲಿ ಮುದ್ದರಾಜ ಅಂತ ಒಬ್ಬ ರಾಜ. ಆನೆ ಇತ್ತು, ಅರಮನೆ ಇತ್ತು, ಚೆಲುವಾಜಿ ಅನ್ನೋ ಮುದ್ದಿನ ಮಗಳಿದ್ದಳು. ಆದರೆ ಹೊಟ್ಟೆ ತುಂಬಿದ ಮೇಲೆ ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಅಂತೀವಲ್ಲ, ಆ ಮಾತು ಅವನ ಬಾಯಿಂದ ಒಂದು ದಿನವೂ ಬಂದಿರಲಿಲ್ಲ. ಉಂಡರೂ ಇನ್ನಷ್ಟು ಬೇಕು, ಉಟ್ಟರೂ ಇನ್ನಷ್ಟು ಬೇಕು. ಪಾಪ, ಒಳಗೆ ಏನೋ ಖಾಲಿ. ಅದು ಏನಂತ ಅವನಿಗೂ ಗೊತ್ತಿರಲಿಲ್ಲ.

ಈ ಸುದ್ದಿ ಕೇಳಿ ಕಪಟರಾಯ ಅನ್ನೋ ಮಂತ್ರಗಾರ ಬಂದ. ಹೆಸರು ಕೇಳಿಯಾದರೂ ರಾಜ ಹುಷಾರಾಗಬೇಕಿತ್ತು, ಆಗಲಿಲ್ಲ! ಅವನ ಕೈ ಮೇಲೊಂದು ಗಿಳಿ.

"ಮಹಾರಾಜರೇ, ನೀವು ಕೇಳಿದ್ದನ್ನ ನಾನು ಕೊಡ್ತೀನಿ, ನಾನು ಕೇಳಿದ್ದನ್ನ ನೀವು ಕೊಡಿ. ಯಾವತ್ತು ನೀವು ಮನಸಾರೆ 'ಸಾಕು' ಅಂತೀರೋ, ಅವತ್ತು ತಗೊಂಡಿದ್ದೆಲ್ಲ ವಾಪಸ್ ಕೊಟ್ಟು ಹೋಗ್ತೀನಿ. ಬಾಯಿಮಾತಿಗೆ ಅಂದರೆ ಈ ಗಿಳಿ ಕೂಗಿಬಿಡುತ್ತೆ."

ಎಷ್ಟೋ ರಾಜರನ್ನ ಅವನು ಹೀಗೇ ಬರಿಗೈ ಮಾಡಿದ್ದ. ಮುದ್ದರಾಜನೂ ಒಪ್ಪಿದ. ಗಿಳಿ ಹಾರಿ ಬಂದು ಅವನ ಹೆಗಲ ಮೇಲೆ ಕೂತಿತು.

ರಾಜ ಮಿಂಚೋ ಮುತ್ತಿನ ಹಾರ ಕೇಳಿದ. ಕಪಟರಾಯ ಕೊಟ್ಟ, ಊರಿನ ಗೋಮಾಳ ತಗೊಂಡ. ದನಗಳಿಗೆ ಮೇವಿಲ್ಲದಾಯಿತು. ಹಾರ ಹಳೆಯದಾಯಿತು.

ರಾಜ ಹಾಡೋ ಅರಮನೆ ಕೇಳಿದ. ಕಪಟರಾಯ ಕೊಟ್ಟ, ಕೆರೆ ತಗೊಂಡ. ಹೆಂಗಸರು ನೀರಿಗೆ ಹೊಳೆ ತನಕ ನಡೆಯೋ ಹಾಗಾಯಿತು. ಹಾಡು ಕೇಳಿ ಕೇಳಿ ರಾಜನಿಗೆ ತಲೆನೋವು ಬಂತು.

ರಾಜ ಹಾರೋ ಕುದುರೆ ಕೇಳಿದ. ಕಪಟರಾಯ ಕೊಟ್ಟು, ಮೀಸೆ ತಿರುವಿ, "ಈ ಸಲ ನಿಮ್ಮ ಮಗಳು. ನಾಳೆ ಊಟದ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ" ಅಂದ.

ರಾಜ ಕುದುರೆಯನ್ನ ಅಲ್ಲೇ ಬಿಟ್ಟ. ಮಗಳನ್ನ ಹುಡುಕಿಕೊಂಡು ಓಡಿದ. ಅವಳು ಅಡುಗೆಮನೆಯಲ್ಲಿ, ತನ್ನನ್ನು ಎತ್ತಿ ಆಡಿಸಿದ ಅಡುಗೆಯ ಮಾರ್ತಮ್ಮನ ಪಕ್ಕ, ಸುದ್ದಿ ಕೇಳಿ ಅಳುತ್ತಾ ಕೂತಿದ್ದಳು.

"ಅಪ್ಪಾಜಿ, ಸಾಕು ಅಂದುಬಿಡಿ!"

"ಸಾಕು" ಅಂದ ರಾಜ.

"ಸುಳ್ಳು!" ಅಂತು ಗಿಳಿ.

ಮಾರ್ತಮ್ಮ ಚೆಲುವಾಜಿಯ ಕಣ್ಣೊರೆಸಿ, ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಹಾಕಿದಳು. ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳಿ, ಅವಳಿಗೂ ತಿನ್ನಿಸಿ ತಾನೂ ತಿಂದು, "ಸಾಕಪ್ಪ ಸ್ವಾಮಿ" ಅಂತ ಕೈ ಮುಗಿದಳು. ಗಿಳಿ ಸುಮ್ಮನಿತ್ತು!

ರಾಜ ಬೆರಗಾದ. ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ತಾನೇ ಗಬಗಬ ನುಂಗಿ "ಸಾಕು" ಅಂದ.

"ಸುಳ್ಳು!" ಅಂತು ಗಿಳಿ.

"ಆ 'ಸಾಕು' ಮುದ್ದೇಲಿಲ್ಲ ಬುದ್ಧಿ" ಅಂದಳು ಮಾರ್ತಮ್ಮ. "ಗಂಡನ್ನ ಮಣ್ಣು ಮಾಡಿ ಬಂದಾಗ ನನ್ನ ಒಳಗೂ ಹೀಗೇ ಬರಿದಾಗಿತ್ತು. ಏನು ಮಾಡಿದರೂ ತುಂಬಲಿಲ್ಲ. ಆಮೇಲೆ ಯೇಸುಸ್ವಾಮಿ ಕೈ ಹಿಡಿದರು. ಅವರು ಬಂದ ಮೇಲೆ ಆ ಜಾಗ ಮತ್ತೆ ಖಾಲಿಯಾಗಿಲ್ಲ."

"ಅವರಿಗೆ ನಾನೇನು ಕೊಡಬೇಕು? ಆನೆನಾ, ಅರಮನೆನಾ?"

"ಅವರು ಕಿತ್ಕೊಳ್ಳೋರಲ್ಲ ಬುದ್ಧಿ, ಕೊಡೋರು. ನಮ್ಮ ಪಾಪಕ್ಕೋಸ್ಕರ ಶಿಲುಬೆ ಮೇಲೆ ಪ್ರಾಣಾನೇ ಕೊಟ್ಟು, ಮತ್ತೆ ಎದ್ದು ಬಂದೋರು. ಬರಿಗೈಲಿ ಹೋಗಿ ಅವರ ಮುಂದೆ ನಿಂತ್ಕೊಳ್ಳಿ."

ಬರಿಗೈಯಲ್ಲಿ ನಿಂತು ರಾಜನಿಗೆ ಅಭ್ಯಾಸವೇ ಇರಲಿಲ್ಲ. ಕಿರೀಟ ತೆಗೆದು ಮುದ್ದೆಕೋಲಿನ ಪಕ್ಕ ಇಟ್ಟ. ನೆಲದ ಮೇಲೆ ಮೊಣಕಾಲೂರಿದ.

"ಸ್ವಾಮಿ, ನನ್ನ ಆಸೆಗೆ ಜನರ ನೀರು ಕಿತ್ತುಕೊಂಡೆ. ಮಗಳನ್ನೇ ಮಾರಿಬಿಟ್ಟೆ. ಕ್ಷಮಿಸಿ. ನೀವೇ ನನ್ನ ಒಳಗೆ ಬನ್ನಿ."

ಅತ್ತ, ತುಂಬಾ ಹೊತ್ತು ಅತ್ತ. ಅತ್ತು ಎದ್ದಾಗ ಎದೆ ಹಗುರಾಗಿತ್ತು. ಹೊರಗೆ ಏನೂ ಬದಲಾಗಿರಲಿಲ್ಲ, ಆದರೂ ಅವನಿಗೆ ಏನೂ ಬೇಕು ಅನ್ನಿಸಲಿಲ್ಲ.

ಮರುದಿನ ಊಟದ ಹೊತ್ತಿಗೆ ಕಪಟರಾಯ ಬಂದ. ರಾಜನ ಎಲೆಗೆ ಮಾರ್ತಮ್ಮ ಮುದ್ದೆ ಬಡಿಸಿದ್ದಳು. ಚೆಲುವಾಜಿ ಅಪ್ಪನ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದಳು.

"ಮುದ್ದೆ ಬಿಡಿ ಮಹಾರಾಜರೇ! ಈ ಕಿರೀಟ ನೋಡಿ. ಇಟ್ಕೊಂಡರೆ ಲೋಕಕ್ಕೆಲ್ಲ ನೀವೇ ಅರಸರು."

ರಾಜ ನೋಡಿದ. ಎಲೆಗೆ ಎರಡೂ ಕೈ ಅಡ್ಡ ಹಿಡಿದ.

"ಬೇಡಪ್ಪ. ನನಗೆ ಯೇಸುಸ್ವಾಮಿ ಇದ್ದಾರೆ. ಸಾಕು."

ಎಲ್ಲರೂ ಗಿಳಿಯನ್ನೇ ನೋಡಿದರು. ಗಿಳಿ ರೆಕ್ಕೆ ಕೊಡವಿ, "ನಿಜ" ಅಂತು.

ಕಪಟರಾಯನ ಮುಖ ಕಪ್ಪಿಟ್ಟಿತು. "ಈ ಗಿಳಿಗೆ ವಯಸ್ಸಾಗಿದೆ, ಬುದ್ಧಿ ಕೆಟ್ಟಿದೆ! ಈ ಮಾತು ನಡೆಯಲ್ಲ!"

"ಹಂಗಾ ಸ್ವಾಮಿ?" ಅಂದಳು ಮಾರ್ತಮ್ಮ. "ಹಂಗಾದರೆ ಪರೀಕ್ಷೆ ಮಾಡೋಣ. ನೀವೇ ಒಂದು ಸಲ ಸಾಕು ಅನ್ನಿ."

"ಅದಕ್ಕೇನಂತೆ? ಸಾಕು!"

"ಸುಳ್ಳು! ಸುಳ್ಳು! ಸುಳ್ಳು!" ಗಿಳಿ ಅರಮನೆ ಕಿತ್ತುಹೋಗೋ ಹಾಗೆ ಕಿರುಚಿತು. ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಗಿಳಿ ಗಟ್ಟಿಯಾಗೇ ಇದೆ ಅಂತ ಅವನೇ ತೋರಿಸಿಕೊಟ್ಟಿದ್ದ! ಗೋಮಾಳ ಬಿಟ್ಟ, ಕೆರೆ ಬಿಟ್ಟ, ಮಗಳನ್ನೂ ಬಿಟ್ಟು, ಹಾರೋ ಕುದುರೆ ಹತ್ತಿ ಪರಾರಿಯಾದ. ಗಿಳಿ ಮಾತ್ರ ಅವನ ಹಿಂದೆ ಹೋಗಲಿಲ್ಲ.

ಅವತ್ತು ಸಂಜೆ ಹೆಂಗಸರು ಕೊಡ ಹೊತ್ತು ಕೆರೆಗಿಳಿದರು. ದನಗಳು ಗೋಮಾಳಕ್ಕೆ ಓಡಿದವು. ಚೆಲುವಾಜಿ ಅಪ್ಪನ ತಟ್ಟೆಯಿಂದಲೇ ತುತ್ತು ಕಿತ್ತು ತಿಂದಳು, ರಾಜ ನಗುತ್ತಾ ಕೂತಿದ್ದ. ಅಬ್ಬಾ, ನನಗೂ ಈಗ ಉಸಿರು ಬಂತು!

ಕಥೆಯ ನೀತಿ ಇಷ್ಟೇ ಮಕ್ಕಳೇ. ಲೋಕ ಕೊಡೋದು ಯಾವುದೂ ಮನಸ್ಸನ್ನ ತುಂಬಲ್ಲ, ಕೊಡುತ್ತಾ ಕೊಡುತ್ತಾ ನಮ್ಮದನ್ನೇ ಕಿತ್ಕೊಳ್ಳುತ್ತೆ. ನಮಗೋಸ್ಕರ ತನ್ನನ್ನೇ ಕೊಟ್ಟ ಯೇಸುವನ್ನ ನಂಬಿದವರಿಗೆ ಕೊನೆತನಕ ಉಳಿಯೋ ತೃಪ್ತಿ ಇದೆ. ಇನ್ನು ಏಳಿ, ಊಟಕ್ಕೆ ಹೊತ್ತಾಯಿತು. ಸಾಕು ಅನ್ನೋವಾಗ ಮನಸಾರೆ ಅನ್ನಿ, ಗಿಳಿ ಎಲ್ಲಿ ಕೂತಿದೆಯೋ ಯಾರಿಗೆ ಗೊತ್ತು!