ಬಾಗಿಲು ತೆಗೆಯುವ ಇಲಿ

ಮನಃಶಾಸ್ತ್ರ ವಿಭಾಗದ ಪ್ರಯೋಗಶಾಲೆಯಲ್ಲಿ ಎರಡು ಇಲಿಗಳಿದ್ದವು. ಕೆಂಗಣ್ಣಿ ಎಂಬುವಳನ್ನು ವಿದ್ಯಾರ್ಥಿಗಳು ದಿನವೂ ಗಾಜಿನ ಕೊಳವೆಗೆ ತುರುಕಿ ಬಾಗಿಲು ಹಾಕುತ್ತಿದ್ದರು. ಮೊಂಡುಬಾಲ ಎಂಬುವನು ಹೊರಗಿನಿಂದ ಮೂತಿ ಒತ್ತಿ ಅವಳನ್ನು ಬಿಡಿಸುತ್ತಿದ್ದ. ಆಗ ಅವರು ಗಡಿಯಾರ ನೋಡಿ, 'ಕರುಣೆ' ಎಂದು ಬರೆದುಕೊಂಡು, ಅವನ ಬೆನ್ನು ಸವರುತ್ತಿದ್ದರು.

ಒಂದು ದಿನ ಕೆಂಗಣ್ಣಿಯನ್ನು ಒಳಗೆ ಹಾಕಿದ್ದೇ ತಡ, ಊಟದ ಗಂಟೆ ಹೊಡೆಯಿತು. ಎಲ್ಲರೂ ಎದ್ದು ಹೋದರು. ಕಿಟಕಿಯ ಬಿಸಿಲು ನೇರ ಕೊಳವೆಯ ಮೇಲೆ ಬಿತ್ತು. ಗಾಜು ಕಾದು ಅವಳಿಗೆ ಉಸಿರು ಕಟ್ಟತೊಡಗಿತು.

"ಅಣ್ಣಾ, ಬಾಗಿಲು ತೆಗೆ, ಜೀವ ಹೋಗುತ್ತಿದೆ" ಎಂದಳು.

"ತೆಗೆಯುತ್ತೇನೆ ತಂಗಿ, ಅವರು ಬರಲಿ" ಎಂದ ಮೊಂಡುಬಾಲ. "ಈಗಲೇ ತೆಗೆದರೆ ಬರೆದುಕೊಳ್ಳುವವರು ಯಾರು?"

"ನಾನು ನೋಡುತ್ತಿದ್ದೇನಲ್ಲ!"

"ನಿನ್ನ ಕೈಯಲ್ಲಿ ಪೆನ್ನಿಲ್ಲ" ಎಂದು ಅವನು ಮೀಸೆ ತೀಡಿಕೊಂಡ.

ವಿದ್ಯಾರ್ಥಿಗಳು ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಮೊಂಡುಬಾಲ ಎದ್ದೆನೋ ಬಿದ್ದೆನೋ ಎಂದು ಓಡಿ ಬಾಗಿಲು ತೆಗೆದ. ಕೆಂಗಣ್ಣಿ ತೆವಳುತ್ತಾ ಹೊರಬಂದು, ಅವನತ್ತ ತಿರುಗಿಯೂ ನೋಡದೆ ಮೂಲೆ ಸೇರಿದಳು.

ಆ ದಿನದ ವರದಿಯಲ್ಲಿ ಒಂದು ಹೊಸ ಸಾಲು ಸೇರಿತು: 'ಬಿಡುಗಡೆಯಾದ ಇಲಿಗೆ ಉಪಕಾರಸ್ಮರಣೆ ಇಲ್ಲ.'