ಸೀಸೆಯೊಳಗಿನ ಸಿಗಡಿ

"ಗುರುಗಳೇ, ತಮ್ಮ ಚರಿತ್ರೆ ಬರೆಯಲು ತೊಡಗಿದ್ದೇನೆ. ಮೊದಲ ಸಾಲು ಸರಿಯಾಗಿದೆಯೇ?" ಎಂದು ಸೋಮಲಿಂಗನೆಂಬ ಶಿಷ್ಯ ಕೇಳಿದ.

'ನಮ್ಮ ಗುರುಗಳಿಗೆ ಸಿಟ್ಟೆಂಬುದೇ ಗೊತ್ತಿಲ್ಲ' ಎಂಬುದು ಆ ಸಾಲು. ಸಾರಿಗೆ ಉಪ್ಪು ಮರೆತ ಅಡಿಗೆಯವನಿಗೆ ಆಗಷ್ಟೇ ಛೀಮಾರಿ ಹಾಕಿ ಬಂದಿದ್ದ ಗುರುಗಳು ಬೆವರೊರೆಸಿಕೊಂಡು ಕೂತು, ಒಂದು ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಪಂಡಿತನಿದ್ದ. ಮಕ್ಕಳಿರಲಿಲ್ಲ. ತೀರಿಹೋದ ಅಪ್ಪನ ಹೆಸರು ತನ್ನೊಂದಿಗೇ ಮುಗಿದುಹೋಗುತ್ತದಲ್ಲ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು. ಒಂದು ದಿನ ದಡಕ್ಕೆ ಬಿದ್ದ ಪಾಚಿಯನ್ನು ಕೋಲಿನಿಂದ ಕೆದಕಿದ. ಅಕ್ಕಿಕಾಳಿನಷ್ಟು ಪುಟ್ಟ, ಸಿಗಡಿ ಜಾತಿಯ ಪ್ರಾಣಿಯೊಂದು ಚಂಗನೆ ಹಾರಿತು. ಹುಡುಕಿ ನೋಡಿದರೆ ಯಾವ ಗ್ರಂಥದಲ್ಲೂ ಅದರ ಸುದ್ದಿಯಿಲ್ಲ. ಮೊದಲು ವರ್ಣಿಸಿದವನು ಇಟ್ಟದ್ದೇ ಅದಕ್ಕೆ ಹೆಸರು. ಅಪ್ಪನ ಹೆಸರಿಡಬಹುದೆಂದು ಪಂಡಿತನ ಕಣ್ಣು ತುಂಬಿ ಬಂತು.

ಆದರೆ ಆ ಪ್ರಾಣಿ ಒಂದು ಕ್ಷಣ ಸುಮ್ಮನೆ ಕೂತರೆ ತಾನೆ? ಕಾಲು ಎಣಿಸಹೋದರೆ ಅರ್ಧಕ್ಕೇ ನೆಗೆದು ಗಡ್ಡ ಸೇರುತ್ತಿತ್ತು. ಬಣ್ಣ ನೋಡೋಣವೆಂದರೆ ಮರಳಿನೊಳಗೆ ಮಾಯ. ಹೆಂಡದಂಗಡಿಯ ದಿಕ್ಕಿಗೆ ತಲೆ ಹಾಕಿಯೂ ಮಲಗದಿದ್ದ ಪಂಡಿತ ಕೊನೆಗೆ ಮುಖಕ್ಕೆ ಶಲ್ಯ ಹೊದ್ದು ಹೋಗಿ ಒಂದು ಸೀಸೆ ಸಾರಾಯಿ ತಂದ. ಹೇಗೋ ಒಂದನ್ನು ಹಿಡಿದು ಅದರಲ್ಲಿ ಮುಳುಗಿಸಿದ. ಅದು ತೆಪ್ಪಗಾಯಿತು. ದಿನ ಕಳೆದಂತೆ ಅದರ ಬಣ್ಣವೂ ಇಳಿದುಹೋಯಿತು.

ಪಂಡಿತ ಸೀಸೆಯ ಮುಂದೆ ಪಟ್ಟಾಗಿ ಕೂತು ಬರೆದ: ಮೈ ಸುಣ್ಣದಂತೆ ಬಿಳಿ, ಬೆನ್ನು ಗೂನು, ಕಾಲು ಸದಾ ಮಡಿಚಿರುತ್ತದೆ, ಸ್ವಭಾವ ಬಹಳ ಗಂಭೀರ. ಬರೆದು ತಿದ್ದುವುದರಲ್ಲೇ ವರ್ಷ ಕಳೆಯಿತು. ಅಷ್ಟರಲ್ಲಿ ಅದು ಹಾರುತ್ತಿತ್ತೆಂಬುದೇ ಅವನಿಗೆ ಮರೆತುಹೋಗಿತ್ತು.

ಅಪ್ಪನ ಹೆಸರಿಟ್ಟು ವಿದ್ವಾಂಸರ ಸಭೆಯಲ್ಲಿ ಓದಿದ. ಸಭೆ ಕೇಳಿ ತಲೆದೂಗಿತು. ಹಿರಿಯನೊಬ್ಬ ಮಾತ್ರ, ಹೊತ್ತು ಮುಳುಗುವುದರೊಳಗೆ ಜೀವಂತ ಒಂದನ್ನು ತೋರಿಸಿದರೆ ಹೆಸರು ಖಾಯಂ, ಇಲ್ಲದಿದ್ದರೆ ಇಲ್ಲ ಎಂದ. ಸಭೆಗೆ ಸಭೆಯೇ ಎದ್ದು ಕಡಲ ದಂಡೆಗೆ ಹೋಯಿತು. ಪಾಚಿ ಕೆದಕಿದ್ದೇ ತಡ, ಕಂದು ಹಸಿರು ಬಣ್ಣದ ಪ್ರಾಣಿಗಳು ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿದವು. ಪಂಡಿತನ ಪೇಟದ ಮೇಲೆ, ಗ್ರಂಥದ ಮೇಲೆ, ಮೂಗಿನ ಮೇಲೆ ಎಲ್ಲೆಲ್ಲೂ ಅವೇ. ಅವನು ಶಲ್ಯ ಬೀಸಿ ಬೀಸಿ ಓಡಿಸಿದ.

"ಸರಿಯಿರಿ ಆಚೆ, ಹಾಳು ಹುಳಗಳೇ. ನಾನಿಲ್ಲಿ ನಮ್ಮಪ್ಪನನ್ನು ಹುಡುಕುತ್ತಿದ್ದೇನೆ."

ಹೊತ್ತು ಮುಳುಗಿತು. ಬಿಳಿಯದಾಗಲಿ ಗಂಭೀರವಾದದ್ದಾಗಲಿ ಒಂದೂ ಸಿಗಲಿಲ್ಲ. ಸಭೆ ಹೆಸರನ್ನು ಹೊಡೆದುಹಾಕಿ ಊಟಕ್ಕೆ ಹೋಯಿತು. ಪಂಡಿತ ಸೀಸೆಯನ್ನು ಎದೆಗವಚಿಕೊಂಡು ಮರಳಿನ ಮೇಲೆ ಕೂತು ಅತ್ತ. ಒಂದು ಪ್ರಾಣಿ ಬಂದು ಅವನ ಮೊಣಕಾಲ ಮೇಲೆ ಕೂತಿತು. ಅದನ್ನೂ ಕೊಡವಿದ.

ಸೋಮಲಿಂಗ ಬಿದ್ದು ಬಿದ್ದು ನಕ್ಕ. ಇಂಥ ಪೆದ್ದನೂ ಇರುತ್ತಾನೆಯೇ ಎಂದ. ಗುರುಗಳು ಅವನ ನಗು ಮುಗಿಯುವವರೆಗೆ ಕಾದರು.

"ನಾಳೆ ನಿನ್ನ ಚರಿತ್ರೆ ಓದಿ ನನ್ನನ್ನು ಕಾಣಲು ಬಂದವನು, ಅಡಿಗೆಮನೆಯ ಬಾಗಿಲಲ್ಲಿ ಬೈಯುತ್ತ ನಿಂತ ನನಗೇ 'ಸರಿಯಯ್ಯ ಆಚೆ, ಗುರುಗಳನ್ನು ನೋಡಬೇಕು' ಎಂದಾನು."